ಪ್ಲಾಸ್ಟಿಕ್ಕಿನ ಎಣ್ಣೆಗೂ ಪರ್ಯಾಯ ಉಂಟಾ?

ಆಟಿ ತಿಂಗಳಲ್ಲಿ ಉಡುಪಿಯ ಒಂದು ಮಹಿಳಾ ಮಂಡಲದ ಹಾಲ್‌ನಲ್ಲಿ ಮಾತಾಡಿದ್ದನ್ನು ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರು. ರೆಕಾರ್ಡಿಂಗ್ ಹಾಕಿ ಕೇಳಿದ್ರೆ ಅರ್ಧಕ್ಕರ್ಧ ಶೀಟಿನ ಮೇಲೆ ಬಿದ್ದ ಮಳೆಯ ಸದ್ದು, ನಡುವಲ್ಲಿ ಒಂದು ಸಲ ಕರೆಂಟ್ ಹೋದದ್ದು, ಯಾರದ್ದೋ ಮಗು ಅತ್ತದ್ದು. ಹಾಗಾಗಿ ಕೇಳಿಸಿದಷ್ಟನ್ನು ಹಾಗೇ ಟೈಪ್ ಮಾಡಿ ಉಳಿದದ್ದನ್ನು ನೆನಪಿನಿಂದ ತುಂಬಿಸಿದ್ದೇನೆ. ಜನ ಕೇಳಿದ ಪ್ರಶ್ನೆಗಳನ್ನೂ ಬಿಡ್ಲಿಲ್ಲ, ನನ್ನ ಮಾತಿಗಿಂತ ಅವೇ ಚಂದ ಇದ್ದವು.

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳ್ತಾ ಉಂಟಾ? ಈ ಮಳೆಗೆ ಮೈಕ್ ಇದ್ರೂ ಒಂದೇ ಇಲ್ಲದಿದ್ರೂ ಒಂದೇ, ಆದ್ರೂ ನೋಡುವ.

ಮೊದಲು ಒಂದು ವಸ್ತು ತೋರಿಸ್ತೇನೆ. ಇದು ನನ್ನ ತಂಗಿಯ ಮಗನ ಕಂಪಾಸ್ ಬಾಕ್ಸ್, ಅವ ಐದನೇ ಕ್ಲಾಸು. ಎಪ್ರಿಲ್‌ನಲ್ಲಿ ರಜೆ ಸಿಕ್ಕಿದ ದಿನ ಮುಚ್ಚಿಟ್ಟವ ಜೂನ್‌ನಲ್ಲಿ ಶಾಲೆ ಶುರುವಾಗುವ ಹಿಂದಿನ ರಾತ್ರಿ ತೆಗೆದು ನೋಡಿದ್ದು, ಆಗ ರಬ್ಬರ್ ಸೀದಾ ಸ್ಕೇಲಿಗೆ ಅಂಟಿ ಕೂತಿದೆ. ಎಳೆದು ತೆಗೆದ್ರೆ ಸ್ಕೇಲಲ್ಲಿ ರಬ್ಬರಿನ ಆಕಾರದ್ದೇ ಒಂದು ಗುಂಡಿ, 7ರಿಂದ 9 ಸೆಂಟಿಮೀಟರ್‌ವರೆಗಿನ ಗೆರೆಗಳೆಲ್ಲ ಮಾಯ. ಇದನ್ನು ಒಬ್ಬೊಬ್ಬರೇ ಮುಟ್ಟಿ ನೋಡಿ ಪಾಸ್ ಮಾಡಿ, ಆ ಜಾಗ ಇನ್ನೂ ಅಂಟಂಟು ಇದೆ. ಬೇಸಿಗೆ ಸೆಕೆಗೆ ಕರಗಿದ್ದು ಅಂತ ತಂಗಿ ಹೇಳಿದ್ಳು. ಸೆಕೆ ಸ್ವಲ್ಪ ಬೇಗ ಮಾಡಿರಬಹುದು ಅಷ್ಟೇ, ಕಾರಣ ಅದಲ್ಲ. ನಾವು ಬಿಳಿ ರಬ್ಬರ್ ಅಂತ ಹೇಳುವ ಈ ವಸ್ತು ಹೆಚ್ಚಿನ ಸಲ ರಬ್ಬರೇ ಅಲ್ಲ, ಪಿವಿಸಿ ಅನ್ನುವ ಪ್ಲಾಸ್ಟಿಕ್. ಪಿವಿಸಿಯನ್ನು ಹೀಗೆ ಮೆತ್ತಗೆ ಮಾಡ್ಲಿಕ್ಕೆ ಒಳಗೆ ಒಂದು ಎಣ್ಣೆಯಂಥ ದ್ರವ ಹಾಕ್ತಾರೆ, ಅದು ಎರಡು ತಿಂಗಳು ಮೆಲ್ಲಮೆಲ್ಲ ಹೊರಗೆ ಬಂದು ಪಕ್ಕದ ಸ್ಕೇಲಿನೊಳಗೆ ಹೊಕ್ಕು ಅದನ್ನೂ ಮೆತ್ತಗೆ ಮಾಡಿ ಬಿಟ್ಟಿದೆ. ರಬ್ಬರಿಗೆ ಕಾಗದದ ಅಂಗಿ ಹಾಕಿ ಮಾರುವುದು ಚಂದಕ್ಕೆ ಅಂತ ನಾನೂ ತುಂಬಾ ವರ್ಷ ಅಂದ್ಕೊಂಡಿದ್ದೆ, ಇಪ್ಪತ್ತೆರಡು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವಳು ನಾನು!

ಆ ಎಣ್ಣೆಗೆ ಹೆಚ್ಚಿನ ಕಡೆ ಹೆಸರು ಥ್ಯಾಲೇಟ್. ಇಂಗ್ಲಿಷಲ್ಲಿ ಬರೆದ್ರೆ ನಾಲ್ಕು ವ್ಯಂಜನ ಒಟ್ಟಿಗೆ ಬಂದು ನಾಲಗೆ ಹೊರಳುವುದಿಲ್ಲ, ಯಾಕೆಂದ್ರೆ ಅದು ನ್ಯಾಫ್ತಲೀನ್ ಅನ್ನುವ ಹೆಸರಿನ ತಲೆ ಕತ್ತರಿಸಿ ಮಾಡಿದ ಶಬ್ದ. ನ್ಯಾಫ್ತಲೀನ್ ಅಂದ್ರೆ ನಮ್ಮ ಕಪಾಟಿನ ನುಸಿಗುಳಿಗೆ. ಮೊದಲು ಥ್ಯಾಲಿಕ್ ಆಸಿಡ್ ಮಾಡಿದ್ದು ಅದರಿಂದ.

ಅದು ಪ್ಲಾಸ್ಟಿಕ್ಕಿನೊಳಗೆ ಎಂತ ಕೆಲಸ ಮಾಡ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತುಂಟು. ಸೇಮಿಗೆ ಒತ್ತಿ ಹಾಗೇ ಬಿಟ್ರೆ ಎಂತಾಗ್ತದೆ? ಒಂದಕ್ಕೊಂದು ಅಂಟಿ ಮುದ್ದೆ. ಅದಕ್ಕೇ ಸ್ವಲ್ಪ ತೆಂಗಿನೆಣ್ಣೆ ಹಾಕಿ ಬಿಡಿಸಿದ್ರೆ ಎಳೆ ಎಳೆ ಜಾರ್ತದೆ, ಬಗ್ತದೆ. ಪಿವಿಸಿಯ ಒಳಗೂ ಉದ್ದುದ್ದ ಎಳೆಗಳು, ಅದರಲ್ಲಿರುವ ಕ್ಲೋರಿನ್‌ನಿಂದಾಗಿ ಒಂದನ್ನೊಂದು ಗಟ್ಟಿ ಹಿಡ್ಕೊಂಡು ಕೂತಿರ್ತವೆ, ಅದಕ್ಕೇ ಬೋರಿನ ಪೈಪ್ ಅಷ್ಟು ಗಟ್ಟಿ. ಥ್ಯಾಲೇಟ್ ಆ ಎಳೆಗಳ ನಡುವೆ ನುಗ್ಗಿ ಕೂತು ಜಾರುವ ಹಾಗೆ ಮಾಡ್ತದೆ. ಇಲ್ಲಿ ಒಂದು ವಿಷಯ ಮಾತ್ರ ತಲೆಯಲ್ಲಿ ಇಟ್ಕೊಳ್ಳಿ, ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತವೇ. ಆ ಎಣ್ಣೆಗೂ ಸೇಮಿಗೆಗೂ ಮದುವೆ ಆಗಿಲ್ಲ. ಬಾಂಡ್ ಇಲ್ಲ. ಸುಮ್ನೆ ನಡುವೆ ಕೂತದ್ದು. ಕೂತದ್ದು ಎದ್ದು ಹೋಗ್ಲಿಕ್ಕೂ ಆಗ್ತದೆ.

ಈಗ ಪರ್ಯಾಯದ ವಿಷಯ. ಬೆಂಗಳೂರಲ್ಲಿ ಪರ್ಯಾಯ ಅಂದ್ರೆ ಬದಲಿ ವಸ್ತು ಅಂತ ಸೀದಾ ಅರ್ಥ ಆಗ್ತದೆ, ಉಡುಪಿಯಲ್ಲಿ ಪರ್ಯಾಯ ಅಂತ ಬಾಯಿ ತೆರೆದ ಕೂಡ್ಲೆ ಜನವರಿ 18, ರಥಬೀದಿ, ಮೆರವಣಿಗೆ, ಯಾವ ಮಠದ್ದು ಈ ಸಲ ಅಂತಲೇ ತಲೆಗೆ ಬರುವುದು. (ನಗು.) ನಂಗೆ ಈ ಎರಡೂ ಅರ್ಥ ಇವತ್ತು ಬೇಕು. ಎರಡು ವರ್ಷಕ್ಕೊಮ್ಮೆ ಅಕ್ಷಯ ಪಾತ್ರೆ, ಸಟ್ಟುಗ, ಕೀಲಿಕೈ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗ್ತದಲ್ಲ, ಪಾತ್ರೆ ಅದೇ, ಸಟ್ಟುಗ ಅದೇ, ಹಿಡಿಯುವ ಕೈ ಬೇರೆ. ಪ್ಲಾಸ್ಟಿಕ್ ಮೆತ್ತಗೆ ಮಾಡುವ ಕೆಲಸದಲ್ಲೂ ನೂರೈವತ್ತು ವರ್ಷದಿಂದ ಹಾಗೇ ನಡೀತಾ ಬಂದಿದೆ.

ಮೊದಲ ಸರದಿ ಯಾರದ್ದು ಗೊತ್ತುಂಟಾ? ಕರ್ಪೂರದ್ದು! ದೇವರ ಎದುರು ಉರಿಸುವ ಅದೇ ಕರ್ಪೂರ. ಅಮೆರಿಕದಲ್ಲಿ ಜಾನ್ ವೆಸ್ಲಿ ಹಯಾಟ್ ಅಂತ ಒಬ್ಬರು 1870ರಲ್ಲಿ ನೈಟ್ರೋಸೆಲ್ಯುಲೋಸಿಗೆ ಕರ್ಪೂರ ಬೆರೆಸಿ ಸೆಲ್ಯುಲಾಯ್ಡ್ ಮಾಡಿದ್ರು, ಹಳೇ ಫಿಲ್ಮ್ ರೀಲ್, ಬಾಚಣಿಗೆ ಎಲ್ಲ ಅದರದ್ದೇ. ಆದ್ರೆ ಕರ್ಪೂರದ ಗುಣ ಗೊತ್ತಲ್ಲ, ಡಬ್ಬದಲ್ಲಿ ಇಟ್ರೂ ಆರಿ ಹೋಗ್ತದೆ, ವಾಸನೆ ಬೇರೆ. 1920ರ ದಶಕದಲ್ಲಿ ಥ್ಯಾಲೇಟ್‌ಗಳು ಬಂದು ಅದರ ಜಾಗದಲ್ಲಿ ಕೂತವು, ವಾಸನೆ ಇಲ್ಲ, ಬೇಗ ಆರುವುದಿಲ್ಲ, ಅಗ್ಗ. ಅಂದ್ರೆ ಥ್ಯಾಲೇಟೇ ಒಂದು ಕಾಲದ ಸುಧಾರಿತ ಪರ್ಯಾಯ. ಪಿವಿಸಿ 1872ರಲ್ಲೇ ಜರ್ಮನಿಯ ಬೌಮನ್ ಕಣ್ಣಿಗೆ ಬಿದ್ದಿತ್ತು, ಆದ್ರೆ ಅದನ್ನು ಎಂತ ಮಾಡುವುದು ಅಂತ ಐವತ್ತು ವರ್ಷ ಯಾರಿಗೂ ಗೊತ್ತಾಗ್ಲಿಲ್ಲ, 1926ರಲ್ಲಿ ಗುಡ್‌ರಿಚ್ ಕಂಪೆನಿಯ ವಾಲ್ಡೊ ಸೀಮನ್ ರಬ್ಬರನ್ನು ಲೋಹಕ್ಕೆ ಅಂಟಿಸುವ ಗಮ್ ಹುಡುಕ್ಲಿಕ್ಕೆ ಹೋಗಿ ಪಿವಿಸಿಯನ್ನು ದ್ರಾವಕದಲ್ಲಿ ಬಿಸಿ ಮಾಡಿದಾಗ ಬಗ್ಗುವ ಜೆಲ್ಲಿಯಂಥದ್ದು ಸಿಕ್ಕಿತು. ಗಮ್ ಸಿಕ್ಕಲಿಲ್ಲ. ರೈನ್‌ಕೋಟು, ರೆಕ್ಸಿನ್, ವಯರಿನ ಹೊದಿಕೆ, ಸಲೈನ್ ಟ್ಯೂಬು ಎಲ್ಲ ಅಲ್ಲಿಂದ ಬಂದದ್ದು.

ಥ್ಯಾಲೇಟ್‌ಗಳಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ಜಾತಿ ಬಳಕೆಯಲ್ಲಿ ಉಂಟು, ಎಲ್ಲದರ ಹೆಸರು ಹೇಳಿದ್ರೆ ನೀವು ಎದ್ದು ಹೋಗ್ತೀರಿ. ಮುಖ್ಯದ್ದು ಒಂದೇ, ವಿಜ್ಞಾನದವರು ಡಿಇಎಚ್‌ಪಿ ಅಂತಾರೆ, ಪಿವಿಸಿ ಫ್ಯಾಕ್ಟರಿಯವರು ಡಿಒಪಿ ಅಂತಾರೆ. ನಾವು ಡಿಒಪಿ ಅನ್ನುವ, ಬಾಯಿಗೆ ಸುಲಭ. ಇದರ ತಮ್ಮಂದಿರು ಡಿಬಿಪಿ, ಬಿಬಿಪಿ, ಡಿಐಎನ್‌ಪಿ. ಇನ್ನು ಡಿಇಪಿ ಅಂತ ಒಂದು ಸಣ್ಣದು, ಅದು ಪ್ಲಾಸ್ಟಿಕ್ಕಿಗಿಂತ ಸೆಂಟು, ಅಗರಬತ್ತಿಯ ಪರಿಮಳ ತೆಳು ಮಾಡ್ಲಿಕ್ಕೆ ಹೆಚ್ಚು ಬಳಕೆ. ಡಿಇಪಿ ಉಳಿದವರಷ್ಟು ಕೆಟ್ಟದ್ದಲ್ಲ, ಆದ್ರೂ ಕಿಟಕಿ ಹಾಕ್ಕೊಂಡು ಅಗರಬತ್ತಿ ಹಚ್ಚುವುದು ಬೇಡ, ಹೊಗೆಯೇ ಸಾಕು ಹಾಳು ಮಾಡ್ಲಿಕ್ಕೆ.

ಈಗ ಒಂದು ಪ್ರಯೋಗ. ತಾಮ್ರದ ತಂತಿ, ಸ್ಪಿರಿಟ್ ಲ್ಯಾಂಪ್. ಫ್ಯಾನ್ ಒಂದು ನಿಮಿಷ ಆಫ್ ಮಾಡಿ. ತಂತಿ ಕೆಂಪಗಾಗುವವರೆಗೆ ಕಾಯಿಸಿ, ಮೊದಲು ಈ ಹಾಲಿನ ಪ್ಯಾಕೆಟಿಗೆ ಮುಟ್ಟಿಸಿ ಪುನಃ ಬೆಂಕಿಗೆ ಹಿಡೀತೇನೆ. ನೋಡಿ, ಬರೀ ಹಳದಿ ಬೆಂಕಿ. ಈಗ ಹಳೇ ರೈನ್‌ಕೋಟಿನ ತುಂಡು. ಕಂಡಿತಾ? ಗಿಳಿ ಹಸಿರು! (ಇಲ್ಲಿ ರೆಕಾರ್ಡಿಂಗಲ್ಲಿ ಮಕ್ಕಳ "ಓ" ಮಾತ್ರ ಕೇಳ್ತದೆ.) ಹಸಿರು ಬಂದ್ರೆ ಒಳಗೆ ಕ್ಲೋರಿನ್ ಉಂಟು, ಹೆಚ್ಚುಕಡಿಮೆ ಪಿವಿಸಿ ಅಂತ ಅರ್ಥ. ಇದನ್ನು ಮನೆಯಲ್ಲಿ ಮಾಡ್ಲಿಕ್ಕೆ ಹೋಗ್ಬೇಡಿ, ಆ ಹೊಗೆ ಒಳ್ಳೆಯದಲ್ಲ, ನಾನು ಒಂದು ಚಿಟಿಕೆಯಷ್ಟು ಮಾತ್ರ ಸುಟ್ಟದ್ದು.

ಯಾಕೆ ತೋರಿಸಿದೆ ಅಂದ್ರೆ, ವಾಟ್ಸಾಪಲ್ಲಿ ಬರುವ ಮೆಸೇಜುಗಳಲ್ಲಿ ಎಲ್ಲ ಪ್ಲಾಸ್ಟಿಕ್ ಒಂದೇ ಅನ್ನುವ ಹಾಗೆ ಹೆದರಿಸ್ತಾರೆ. ಹಾಲಿನ ಪ್ಯಾಕೆಟ್, ತೆಂಗಿನೆಣ್ಣೆಯ ಪ್ಯಾಕೆಟ್ ಪಾಲಿಥೀನ್, ಅದು ತಾನಾಗಿಯೇ ಮೆತ್ತಗೆ, ಅದಕ್ಕೆ ಈ ಎಣ್ಣೆ ಬೇಕಿಲ್ಲ. ಪಾರ್ಸೆಲ್ ಡಬ್ಬ ಪಾಲಿಪ್ರೊಪಿಲೀನ್, ಅದಕ್ಕೂ ಬೇಕಿಲ್ಲ. ನೀರಿನ ಬಾಟ್ಲಿ ಪೆಟ್, ಅದರ ಪೂರ್ತಿ ಹೆಸರಲ್ಲಿ ಟೆರೆಥ್ಯಾಲೇಟ್ ಅಂತ ಬರ್ತದೆ, ಹೆಸರು ಕೇಳಿ ಹೆದರಿದವರು ತುಂಬಾ ಜನ, ಆದ್ರೆ ಅಲ್ಲಿ ಅದು ಪ್ಲಾಸ್ಟಿಕ್ಕಿನ ಎಳೆಯದ್ದೇ ಭಾಗ, ನಡುವೆ ಕೂತ ಎಣ್ಣೆ ಅಲ್ಲ. ಹಾಗಂತ ಕುದಿಯುವ ಸಾಂಬಾರನ್ನು ತೆಳು ಕವರಿಗೆ ಕಟ್ಟಿಸ್ಕೊಂಡು ಬನ್ನಿ ಅಂತ ನಾನು ಹೇಳ್ತಾ ಇಲ್ಲ, ಅದು ಬೇರೆ ಕಾರಣಕ್ಕೆ ಬೇಡ. ಥ್ಯಾಲೇಟಿನ ತಲೆಗೆ ಕಟ್ಟಬೇಡಿ ಅಷ್ಟೇ. ಊಟದ ಮೇಜಿನ ಮೇಲಿನ ಮೆತ್ತನೆ ಪಾರದರ್ಶಕ ಶೀಟ್, ಬ್ಯಾಗಿನ ರೆಕ್ಸಿನ್, ನೀರು ಬಿಡುವ ಪೈಪ್, ಅಗ್ಗದ ಪಿವಿಸಿ ಗ್ಲೌಸ್, ಜಾತ್ರೆಯ ಮೆತ್ತನೆ ಗೊಂಬೆ, ಇವುಗಳನ್ನು ನೋಡಿ. ಪೈಪಿನಂಥದ್ದರಲ್ಲಿ ತೂಕದ ಮೂರನೇ ಒಂದು ಪಾಲು ಎಣ್ಣೆಯೇ ಇರಬಹುದು.

ಇನ್ನೊಂದು, ವಾಸನೆ. ಹೋದ ವರ್ಷ ಒಂದು ಅಂಗಡಿಯಿಂದ ರೈನ್‌ಕೋಟ್ ತಂದೆ, ತೆರೆದ ಕೂಡ್ಲೆ ಮನೆಯೆಲ್ಲ ಗಬ್ಬು, ಎರಡು ದಿನ ಜಗಲಿಯಲ್ಲಿ ನೇತು ಹಾಕಿದೆ, ವಾಸನೆ ಹೋಯ್ತು, ವಿಷ ಹೋಯ್ತು ಅಂತ ಮನೆಯವರು ಹೇಳಿದ್ರು. ಹೋಗಿಲ್ಲ. ಡಿಒಪಿಗೆ ವಾಸನೆಯೇ ಇಲ್ಲ ಅನ್ನಬಹುದು. ಮೂಗಿಗೆ ಬಡಿದದ್ದು ಬೇರೆ ಏನೋ, ಈ ಎಣ್ಣೆ ಆ ಕೋಟಲ್ಲಿ ಇನ್ನೂ ಹಾಯಾಗಿ ಕೂತಿದೆ.

ಸರಿ, ಎದ್ದು ಹೋದ ಎಣ್ಣೆ ನಮ್ಮ ಮೈಗೆ ಹೇಗೆ ಬರ್ತದೆ? ಅದಕ್ಕೆ ನೀರು ಅಂದ್ರೆ ಆಗುವುದಿಲ್ಲ, ಜಿಡ್ಡು ಅಂದ್ರೆ ಪ್ರಾಣ. ಹಾಗಾಗಿ ಎಣ್ಣೆ, ತುಪ್ಪ, ಹಾಲು, ಮೀನಿನ ಜಿಡ್ಡು ಇವೆಲ್ಲ ಪಿವಿಸಿಗೆ ತಾಗಿದ ಕಡೆ ಅದು ಇಳೀತದೆ. ಡಿಒಪಿಯ ಮಟ್ಟಿಗೆ ನಮಗೆ ದೊಡ್ಡ ದಾರಿ ಊಟವೇ. ಹಾಲು ಕರೆಯುವ ಮೆಷಿನ್ನಿನ ಟ್ಯೂಬಿನಿಂದ ಹಾಲಿಗೆ ಇಳಿಯುವುದು ಯುರೋಪಲ್ಲಿ ಹಳೇ ಕಥೆ. ಜಪಾನಿನಲ್ಲಿ ರೆಡಿಮೇಡ್ ಊಟದ ಡಬ್ಬಗಳಲ್ಲಿ ಡಿಒಪಿ ಸಿಕ್ಕಿದಾಗ ಹುಡುಕಿದ್ರೆ, ಪ್ಯಾಕ್ ಮಾಡುವವರ ಪಿವಿಸಿ ಗ್ಲೌಸ್! ಸ್ವಚ್ಛ ಇರ್ಲಿ ಅಂತ ಹಾಕಿದ್ದು. ತೈವಾನಿನಲ್ಲಿ 2011ರಲ್ಲಿ ಇನ್ನೂ ಅನ್ಯಾಯ ಆಯ್ತು, ಜ್ಯೂಸ್ ಸ್ವಲ್ಪ ಮಬ್ಬಾಗಿ ದಪ್ಪ ಕಾಣ್ಲಿಕ್ಕೆ ಹಾಕುವ ಪದಾರ್ಥದಲ್ಲಿ ತಾಳೆ ಎಣ್ಣೆಯ ಬದಲು ಅಗ್ಗ ಅಂತ ಡಿಒಪಿಯನ್ನೇ ಸುರಿದಿದ್ರು, ಅದೂ ವರ್ಷಗಟ್ಟಲೆ.

ಮನೆ ಉಪ್ಪಿನಕಾಯಿ ಗಾಜಿನ ಬಾಟ್ಲಿಯಲ್ಲಿ ಉಂಟು, ನಮಗೆ ಹೆದರಿಕೆ ಇಲ್ಲ ಅಂತ ಮುಂದಿನ ಸಾಲಿನ ಅಕ್ಕ ತಲೆ ಆಡಿಸ್ತಾ ಇದ್ದಾರೆ. ಅಕ್ಕ, ಅಂಗಡಿಯ ಜಾಮ್ ಬಾಟ್ಲಿಯನ್ನು ತೊಳೆದು ಅದರಲ್ಲಿ ಹಾಕಿದ್ದಾ? ಹಾಗಾದ್ರೆ ಆ ತಗಡಿನ ಮುಚ್ಚಳ ತಿರುಗಿಸಿ ಒಳಗೆ ನೋಡಿ, ಅಂಚಲ್ಲಿ ಒಂದು ಮೆತ್ತನೆ ಬಿಳಿ ರಿಂಗ್ ಇರ್ತದೆ. ಅದು ಹೆಚ್ಚಾಗಿ ಪಿವಿಸಿ. ಎಣ್ಣೆ ಅದಕ್ಕೆ ತಾಗದ ಹಾಗೆ ಬಾಟ್ಲಿ ನೆಟ್ಟಗೆ ಇಡಿ, ಕುತ್ತಿಗೆವರೆಗೆ ತುಂಬಿಸ್ಬೇಡಿ. ಭರಣಿ ಇದ್ರೆ ಇನ್ನೂ ಒಳ್ಳೇದು, ಅದರ ಮುಚ್ಚಳಕ್ಕೆ ಬಟ್ಟೆ ಕಟ್ಟಿದ್ರೆ ಸಾಕಲ್ಲ.

ಮೈಯೊಳಗೆ ಹೋದದ್ದು ಡಿಡಿಟಿ ತರ ಕೊಬ್ಬಲ್ಲಿ ವರ್ಷಗಟ್ಟಲೆ ಕೂರುವುದಿಲ್ಲ, ಇದು ಸಮಾಧಾನದ ವಿಷಯ. ಕೆಲವು ಗಂಟೆಯಲ್ಲಿ ಒಡೆದು, ಒಂದೆರಡು ದಿನದಲ್ಲಿ ಹೆಚ್ಚಿನದ್ದು ಮೂತ್ರದಲ್ಲಿ ಹೋಗ್ತದೆ. ಬೇಜಾರಿನ ವಿಷಯ ಏನಂದ್ರೆ ಹೋದಷ್ಟೇ ಬೇಗ ಪುನಃ ಬರ್ತದೆ, ಅಮೆರಿಕದ ಸರಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯವರು ಜನಸಾಮಾನ್ಯರ ಮೂತ್ರ ಟೆಸ್ಟ್ ಮಾಡಿದ್ರೆ ಹೆಚ್ಚುಕಡಿಮೆ ಎಲ್ಲರಲ್ಲೂ ಇದರ ತುಣುಕು ಸಿಕ್ಕಿದೆ. ಮತ್ತೆ ತೊಂದರೆ ಕೊಡುವುದು ಡಿಒಪಿಗಿಂತ ಅದು ಅರ್ಧ ಒಡೆದಾಗ ಸಿಗುವ ಎಂಇಎಚ್‌ಪಿ ಅನ್ನುವ ತುಂಡು.

ಎಂತ ತೊಂದರೆ? ಇಲ್ಲಿ ನಾಚಿಕೊಂಡ್ರೆ ವಿಷಯ ಮುಂದೆ ಹೋಗುವುದಿಲ್ಲ. ಗರ್ಭಿಣಿ ಇಲಿಗಳಿಗೆ ಡಿಒಪಿ, ಡಿಬಿಪಿ ಕೊಟ್ರೆ ಹುಟ್ಟುವ ಗಂಡು ಮರಿಗಳಲ್ಲಿ ಟೆಸ್ಟೋಸ್ಟಿರಾನ್ ಅನ್ನುವ ಗಂಡು ಹಾರ್ಮೋನ್ ಕಡಿಮೆಯಾಗಿ, ವೃಷಣ ಕೆಳಗೆ ಇಳಿಯದೆ ಉಳಿಯುವುದು, ಮೂತ್ರದ ದ್ವಾರ ಸರಿಯಾದ ಜಾಗದಲ್ಲಿ ಇಲ್ಲದಿರುವುದು, ಮುಂದೆ ವೀರ್ಯ ಕಡಿಮೆ, ಇದೆಲ್ಲ ಒಟ್ಟಿಗೆ ಬರ್ತದೆ, ಅದಕ್ಕೆ ಥ್ಯಾಲೇಟ್ ಸಿಂಡ್ರೋಮ್ ಅಂತಲೇ ಹೆಸರು ಇಟ್ಟಿದ್ದಾರೆ. ಇದರಲ್ಲಿ ಸಂಶಯ ಇಲ್ಲ. ಮನುಷ್ಯರಲ್ಲಿ ಇಷ್ಟು ಖಡಾಖಂಡಿತ ಹೇಳ್ಲಿಕ್ಕೆ ಆಗುವುದಿಲ್ಲ, ಗರ್ಭಿಣಿಯರಿಗೆ ಕೊಟ್ಟು ನೋಡುವ ಪ್ರಯೋಗ ಯಾರೂ ಮಾಡ್ಲಿಕ್ಕಿಲ್ಲ, ಮಾಡ್ಬಾರದು. 2005ರಲ್ಲಿ ಅಮೆರಿಕದ ಶಾನಾ ಸ್ವಾನ್ ಮತ್ತು ಅವರ ಜೊತೆಯವರು ಬಸುರಿಯರ ಮೂತ್ರದಲ್ಲಿ ಥ್ಯಾಲೇಟ್ ಅಳೆದು, ಹುಟ್ಟಿದ ಗಂಡು ಮಕ್ಕಳ ಗುದದಿಂದ ಜನನಾಂಗದವರೆಗಿನ ಅಂತರ ಅಳೆದ್ರು. ಆ ಅಂತರ ಗಂಡು ಹಾರ್ಮೋನಿನ ಸ್ಕೇಲ್ ಇದ್ದ ಹಾಗೆ. ತಾಯಿಯಲ್ಲಿ ಜಾಸ್ತಿ ಇದ್ದ ಕಡೆ ಮಗುವಿನಲ್ಲಿ ಅಂತರ ಕಡಿಮೆ ಕಂಡಿತು. ಸಂಬಂಧ ಕಂಡಿತು ಅಂತ ಅರ್ಥ, ಪ್ರತಿ ಮಗುವಿಗೂ ಹೀಗೇ ಆಗ್ತದೆ ಅಂತ ಅಲ್ಲ. ಅಸ್ತಮಾ, ಥೈರಾಯ್ಡ್, ತೂಕ ಅಂತ ಬೇರೆ ಸಂಬಂಧಗಳೂ ಹೇಳ್ತಾರೆ, ಅಲ್ಲಿ ಸಾಕ್ಷಿ ಇನ್ನೂ ತೆಳು. ಕ್ಯಾನ್ಸರಿನ ಪಟ್ಟಿಯಲ್ಲಿ ಡಿಒಪಿಯನ್ನು 2ಬಿ ಅಂತ ಇಟ್ಟಿದ್ದಾರೆ, ಅಂದ್ರೆ ತರಬಹುದೇನೋ ಅನ್ನುವ ಗುಂಪು. ನನ್ನನ್ನು ಕೇಳಿದ್ರೆ, ಅರುವತ್ತು ದಾಟಿದವರು ಇದಕ್ಕೆ ನಿದ್ದೆ ಬಿಡ್ಬೇಕಿಲ್ಲ. ಬಸುರಿಯರು, ಅದರಲ್ಲೂ ಎರಡರಿಂದ ಮೂರೂವರೆ ತಿಂಗಳ ಹೊತ್ತಿನಲ್ಲಿ, ಮತ್ತೆ ಬಾಯಿಗೆ ಎಲ್ಲ ಹಾಕುವ ಸಣ್ಣ ಮಕ್ಕಳು, ಇವರ ವಿಷಯದಲ್ಲಿ ಮಾತ್ರ ಉದಾಸೀನ ಬೇಡ.

ಇನ್ನು ಬ್ಲಡ್ ಬ್ಯಾಗ್. ಇದರಷ್ಟು ವಿಚಿತ್ರ ಕಥೆ ಈ ವಿಷಯದಲ್ಲಿ ಇನ್ನೊಂದಿಲ್ಲ. ಮೊದಲು ರಕ್ತವನ್ನು ಗಾಜಿನ ಬಾಟ್ಲಿಯಲ್ಲಿ ಇಡ್ತಾ ಇದ್ರು, ಒಡೀತಿತ್ತು, ಒಳಗೆ ಗಾಳಿ ಗುಳ್ಳೆ ಸೇರ್ತಿತ್ತು. 1950ರ ಹೊತ್ತಿಗೆ ಅಮೆರಿಕದ ಸರ್ಜನ್ ಕಾರ್ಲ್ ವಾಲ್ಟರ್ ಪ್ಲಾಸ್ಟಿಕ್ ಬ್ಯಾಗ್ ತಂದ್ರು, ಯುದ್ಧದಲ್ಲಿ ಮೇಲಿಂದ ಕೆಳಗೆ ಬಿದ್ರೂ ಒಡೀಲಿಲ್ಲ. ಆ ಬ್ಯಾಗಿನ ತೂಕದಲ್ಲಿ 30ರಿಂದ 40 ಪರ್ಸೆಂಟ್ ಡಿಒಪಿ. ರಕ್ತದಲ್ಲಿ ಜಿಡ್ಡು ಉಂಟಲ್ಲ, ಅದು ರಕ್ತಕ್ಕೆ ಇಳೀತದೆ. 1970ರ ಹೊತ್ತಿಗೇ ಇದು ಗೊತ್ತಾಯ್ತು. ಹಾಗಾದ್ರೆ ತೆಗೆದು ಬಿಸಾಡ್ಬಹುದಿತ್ತಲ್ಲ? ಆಗ್ಲಿಲ್ಲ ಯಾಕಂದ್ರೆ, ಇಳಿದ ಆ ಡಿಒಪಿ ಕೆಂಪು ರಕ್ತಕಣದ ಸಿಪ್ಪೆಯಲ್ಲಿ ಸೇರಿ ಅದನ್ನು ಒಡೆಯದ ಹಾಗೆ ಕಾಯ್ತದೆ! ರಕ್ತ 35 ದಿನ, ಒಳ್ಳೆಯ ದ್ರಾವಣ ಹಾಕಿದ್ರೆ 42 ದಿನ ಇಡ್ಲಿಕ್ಕೆ ಆಗುವುದರಲ್ಲಿ ಈ ಕಳ್ಳನ ಪಾಲೂ ಉಂಟು. ಸೋರಿದ್ದೇ ತಪ್ಪು, ಸೋರಿದ್ದರಿಂದಲೇ ಉಪಕಾರ. ಬೇರೆ ಎಣ್ಣೆ ಹಾಕಿದ ಬ್ಯಾಗಲ್ಲಿ ಇಟ್ರೆ ಎಷ್ಟೋ ಸಲ ಕಣಗಳು ಬೇಗ ಒಡೀತವೆ. ಹಾಗಾಗಿ ಯುರೋಪಿನವರೂ ಆಸ್ಪತ್ರೆಯ ಸಾಮಾನಿನಿಂದ ಇದನ್ನು ತೆಗೆಯುವ ಗಡುವನ್ನು 2030ರ ಜುಲೈವರೆಗೆ ಮುಂದೆ ಹಾಕಿದ್ದಾರೆ.

ಒಬ್ಬರು ನರ್ಸ್ ಇಲ್ಲಿ ಕೈ ಎತ್ತಿದ್ರು, "ಮೇಡಂ, ಎನ್ಐಸಿಯುನಲ್ಲಿ ಮಕ್ಕಳಿಗೆ ಎಷ್ಟೊಂದು ಟ್ಯೂಬ್ ಹಾಕ್ತೇವೆ" ಅಂತ. ಸರಿಯಾದ ಪ್ರಶ್ನೆ. ತಿಂಗಳು ತುಂಬದೆ ಹುಟ್ಟಿದ ಮಗು, ಒಂದು ಕಿಲೋ ತೂಕ, ಮೂಗಲ್ಲಿ ಟ್ಯೂಬು, ಕೈಯಲ್ಲಿ ಟ್ಯೂಬು, ವಾರಗಟ್ಟಲೆ. ತೂಕದ ಲೆಕ್ಕದಲ್ಲಿ ಎಲ್ಲರಿಗಿಂತ ಜಾಸ್ತಿ ಹೋಗುವುದು ಅವರಿಗೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲೇ ಹೇಳಿತ್ತು, ಇಂಥ ಮಕ್ಕಳಿಗೆ ಬದಲಿ ಸಿಗುವಲ್ಲಿ ಬದಲಿ ಬಳಸಿ, ಸಿಗದಿದ್ರೆ ಚಿಕಿತ್ಸೆ ಮಾತ್ರ ನಿಲ್ಲಿಸ್ಬೇಡಿ ಅಂತ. ನಾನೂ ಅದನ್ನೇ ಹೇಳುವುದು. ಫೀಡಿಂಗ್ ಟ್ಯೂಬಿಗೆ ಸಿಲಿಕೋನ್, ಪಾಲಿಯುರೆಥೇನ್ ಉಂಟು, ಕವರಿನ ಮೇಲೆ ಡಿಇಎಚ್‌ಪಿ ಫ್ರೀ ಅಂತ ಬರೆದಿರ್ತದೆ, ಸಿಕ್ಕಿದ್ರೆ ಅದನ್ನೇ ತೆಗೊಳ್ಳಿ. ಆದ್ರೆ ಯಾರೂ ಇದನ್ನು ಕೇಳಿ ಮನೆಗೆ ಹೋಗಿ ನಮಗೆ ರಕ್ತ ಬೇಡ, ಸಲೈನ್ ಬೇಡ ಅಂತ ಹಠ ಹಿಡಿದ್ರೆ ನನ್ನ ಹೆಸರು ಹೇಳ್ಬೇಡಿ ಮಾರಾಯ್ರೆ.

ಕಾನೂನು ಬೇಗ ಹೇಳಿ ಮುಗಿಸ್ತೇನೆ. ಯುರೋಪಿನಲ್ಲಿ 1999ರಲ್ಲಿ ಬಾಯಿಗೆ ಹಾಕುವ ಗೊಂಬೆಗಳಿಂದ ಶುರುವಾಗಿ 2005ರಲ್ಲಿ ಗಟ್ಟಿ ಆಯ್ತು, ತೂಕದ 0.1 ಪರ್ಸೆಂಟಿಗಿಂತ ಜಾಸ್ತಿ ಇರ್ಬಾರದು ಅಂತ. ಅಮೆರಿಕದಲ್ಲಿ 2008. ನಮ್ಮಲ್ಲಿ 2021ರ ಜನವರಿಯಿಂದ ಗೊಂಬೆಗೆ ಐಎಸ್ಐ ಮಾರ್ಕ್ ಕಡ್ಡಾಯ, ಆ ಐಎಸ್ 9873 ಅನ್ನುವ ಸ್ಟ್ಯಾಂಡರ್ಡಿನ ಒಂಬತ್ತನೇ ಭಾಗ ಪೂರ್ತಿ ಥ್ಯಾಲೇಟಿನದ್ದೇ. ಜಾತ್ರೆಯ ಸಂತೆಯಲ್ಲಿ ನೆಲಕ್ಕೆ ಹರಡಿಟ್ಟ ಬಾತುಕೋಳಿಯ ಹೊಟ್ಟೆಯ ಕೆಳಗೆ ಮಾರ್ಕ್ ಉಂಟಾ ಅಂತ ತಿರುಗಿಸಿ ನೋಡಿದ್ರೆ ಅಂಗಡಿಯವ ನಿಮ್ಮ ಮುಖ ನೋಡ್ತಾನೆ, ನೋಡ್ಲಿ.

ಈಗ ಬದಲಿಗಳು. ಡಿಒಪಿಗೆ ಬೈಗುಳ ಜಾಸ್ತಿಯಾದಾಗ ಮೊದಲು ಗದ್ದುಗೆಗೆ ಬಂದದ್ದು ಅದರ ತಮ್ಮ ಡಿಐಎನ್‌ಪಿ. ಅಣುವಿನ ಕೈ ಸ್ವಲ್ಪ ಉದ್ದ, ಹೊರಗೆ ಬರುವುದು ನಿಧಾನ, ಆದ್ರೆ ಅವನೂ ಥ್ಯಾಲೇಟೇ. ಕ್ಯಾಲಿಫೋರ್ನಿಯಾದವರು 2013ರಲ್ಲಿ ಅದನ್ನು ಕ್ಯಾನ್ಸರಿನ ಪಟ್ಟಿಗೆ ಹಾಕಿದ್ರು, ಯುರೋಪಿನ ಸಮಿತಿ 2018ರಲ್ಲಿ ಸಂತಾನದ ದೃಷ್ಟಿಯಿಂದ ಅಪಾಯಕಾರಿ ಅಂತ ಪಟ್ಟಿ ಮಾಡುವುದು ಬೇಡ ಅಂತ ಹೇಳಿತು. ಆದ್ರೆ ಗೊಂಬೆಯನ್ನು ಮಗು ಬಾಯಿಗೆ ಹಾಕುವುದಾದ್ರೆ ಎರಡೂ ಕಡೆ ಬೇಡ.

ಆಮೇಲೆ ಡಿಒಟಿಪಿ. ಡಿಒಪಿ, ಡಿಒಟಿಪಿ, ನಡುವೆ ಒಂದು ಟಿ ಮಾತ್ರ. ಎರಡರಲ್ಲೂ ಅದೇ ಪರಮಾಣುಗಳು, ಅಷ್ಟೇ ಲೆಕ್ಕ, ಒಂದೂ ಹೆಚ್ಚುಕಡಿಮೆ ಇಲ್ಲ. ಆರು ಕುರ್ಚಿಯ ದುಂಡು ಮೇಜು ಅಂತ ಇಟ್ಕೊಳ್ಳಿ. ಡಿಒಪಿಯಲ್ಲಿ ಎರಡು ಉದ್ದ ಕೈಗಳು ಪಕ್ಕಪಕ್ಕದ ಕುರ್ಚಿಯಲ್ಲಿ ಕೂತಿವೆ, ಡಿಒಟಿಪಿಯಲ್ಲಿ ಎದುರುಬದುರು. ಇಷ್ಟೇ ವ್ಯತ್ಯಾಸ! ಪಕ್ಕಪಕ್ಕ ಇದ್ದಾಗ ನಮ್ಮ ಮೈಯ ಕಿಣ್ವಗಳು ಒಂದು ಕೈ ಕತ್ತರಿಸಿ ಇನ್ನೊಂದನ್ನು ಬಿಡ್ತವೆ, ಹಾಗೆ ಉಳಿದ ಅರ್ಧವೇ ಆ ಎಂಇಎಚ್‌ಪಿ. ಎದುರುಬದುರು ಇದ್ದಾಗ ಎರಡೂ ಕೈ ಸಲೀಸಾಗಿ ಕತ್ತರಿಸಿ ಹೋಗ್ತವೆ, ಉಳಿದದ್ದು ಟೆರೆಥ್ಯಾಲಿಕ್ ಆಸಿಡ್, ಸುಮ್ನೆ ಮೂತ್ರದಲ್ಲಿ ಹೋಗ್ತದೆ. ಇಲಿಗಳಲ್ಲಿ ಆ ಸಿಂಡ್ರೋಮ್ ಬರ್ಲಿಲ್ಲ. ಬೆಲೆಯೂ ಕೈಗೆಟುಕುವಂಥದ್ದು. ನಂಗೆ ಬದಲಿಗಳಲ್ಲಿ ಇದು ಇಷ್ಟ.

ಡಿಂಚ್ ಅಂತ ಇನ್ನೊಂದು, ಬಿಎಎಸ್‌ಎಫ್ ಕಂಪೆನಿ 2002ರಲ್ಲಿ ತಂದದ್ದು. ಅದೇ, ಸುರತ್ಕಲ್ ಹತ್ರ ಬಾಳದಲ್ಲಿ ಫ್ಯಾಕ್ಟರಿ ಇರುವವರು, ಆದ್ರೆ ಇದನ್ನು ಮಾಡುವುದು ಜರ್ಮನಿಯಲ್ಲಿ. ಡಿಐಎನ್‌ಪಿಗೆ ಹೈಡ್ರೋಜನ್ ಕೂಡಿಸಿ ಆ ದುಂಡು ಮೇಜನ್ನೇ, ಅಂದ್ರೆ ಬೆಂಜೀನ್ ಉಂಗುರವನ್ನೇ, ಬದಲು ಮಾಡಿದ್ದು. ಗೊಂಬೆಗೆ, ಆಸ್ಪತ್ರೆ ಸಾಮಾನಿಗೆ ಬಳಸ್ತಾರೆ, ಇಷ್ಟರವರೆಗೆ ಡಿಒಪಿಯಂಥ ದೂರು ಬಂದಿಲ್ಲ. ಆದ್ರೆ ಜರ್ಮನಿಯವರು ವಿದ್ಯಾರ್ಥಿಗಳ ಮೂತ್ರದ ಸ್ಯಾಂಪಲ್‌ಗಳನ್ನು ವರ್ಷವರ್ಷ ಫ್ರೀಜರಲ್ಲಿ ಇಡ್ತಾರೆ, ಹಳೆಯದ್ದನ್ನೆಲ್ಲ ತೆಗೆದು ನೋಡಿದ್ರೆ ಮೊದಲಿನದ್ದರಲ್ಲಿ ಡಿಂಚಿನ ಸುಳಿವೇ ಇಲ್ಲ, ಅದು ಮಾರ್ಕೆಟಿಗೆ ಬಂದ ನಂತರದ ವರ್ಷಗಳಲ್ಲಿ ಏರ್ತಾ ಹೋಗಿದೆ. ನೋಡಿ, ಬದಲಿಯೂ ಮದುವೆ ಆಗದೆ ಸುಮ್ನೆ ಕೂತದ್ದೇ. ಅದೂ ಎದ್ದು ಬರ್ತದೆ. ಥ್ಯಾಲೇಟ್ ಫ್ರೀ ಅಂತ ಡಬ್ಬದ ಮೇಲೆ ಬರೆದವರನ್ನು, ಹಾಗಾದ್ರೆ ಬದಲಿಗೆ ಎಂತ ಹಾಕಿದ್ದೀರಿ ಅಂತ ಕೇಳುವ ಅಭ್ಯಾಸ ನಮಗೆ ಆಗ್ಬೇಕು.

ಗಿಡಮೂಲದವೂ ಉಂಟು. ನಿಂಬೆಹುಳಿಯ ಸಿಟ್ರಿಕ್ ಆಸಿಡ್‌ನಿಂದ ಮಾಡಿದ ಎಟಿಬಿಸಿ, ಗೊಂಬೆಗೆ ಒಳ್ಳೇದು, ಆದ್ರೆ ದುಬಾರಿ, ಮತ್ತೆ ಡಿಒಪಿಗಿಂತಲೂ ಬೇಗ ಜಾರ್ತದೆ. ಅದೇ ಸಿಟ್ರೇಟಿನ ಜಾತಿಯ ಬಿಟಿಎಚ್‌ಸಿಯನ್ನು ರಕ್ತದ ಬ್ಯಾಗಿಗೂ ಹಾಕಿದ್ದಾರೆ. ಸೋಯಾ ಎಣ್ಣೆಯಿಂದ ಮಾಡಿದ್ದು ಮುಚ್ಚಳದ ರಿಂಗಿಗೆ. ಹರಳೆಣ್ಣೆಯಿಂದಲೂ ಒಂದು ಮಾಡ್ತಾರೆ, ಥ್ಯಾಲೇಟ್ ಬರುವ ಮೊದಲೂ ಹರಳೆಣ್ಣೆಯನ್ನು ಹೀಗೇ ಬಳಸ್ತಾ ಇದ್ರು, ಅಜ್ಜಿ ಕಾಲದ್ದು ತಿರುಗಿ ಬಂದ ಹಾಗೆ, ಲೋಕದಲ್ಲಿ ಅತಿ ಹೆಚ್ಚು ಹರಳು ಬೆಳೆಯುವುದೂ ನಮ್ಮ ದೇಶದಲ್ಲೇ.

ನಿಜ ಹೇಳ್ಬೇಕಾದ್ರೆ ಎಷ್ಟೋ ಕಡೆ ನಮಗೆ ಬದಲಿ ಎಣ್ಣೆ ಬೇಕಾದ್ದಲ್ಲ, ಆ ಮೆತ್ತಗಿನ ಪಿವಿಸಿಯೇ ಬೇಕಿಲ್ಲ. ಊಟದ ಮೇಜಿಗೆ ಬಟ್ಟೆ ಹಾಸಿ ತೊಳೆದ್ರೆ ಆಗುವುದಿಲ್ವಾ? ಮದುವೆ ಊಟಕ್ಕೆ ಬಾಳೆ ಎಲೆ, ಹಾಳೆ ತಟ್ಟೆ ಉಂಟು. ಹಾಳೆ ಬಾಗುವುದಕ್ಕೆ ನೀರಲ್ಲಿ ನೆನೆಸಿದ್ರೆ ಸಾಕು. ನೀರೇ ಅದರ ಪ್ಲಾಸ್ಟಿಸೈಸರ್, ಅಂದ್ರೆ ಮೆತ್ತಗೆ ಮಾಡುವ ಎಣ್ಣೆ ಅನ್ನಿ.

(ಇಲ್ಲಿ ಕರೆಂಟ್ ಹೋಯ್ತು. ಚಾ ಕುಡಿದು ಪ್ರಶ್ನೆ ಶುರು.)

ಮಲ್ಪೆಯಿಂದ ಬಂದ ಒಬ್ಬರು ಅಣ್ಣ ಕೇಳಿದ್ದು: ಮೀನಲ್ಲಿ ಉಂಟಾ, ನಮ್ಮ ವ್ಯಾಪಾರಕ್ಕೆ ಕಲ್ಲು ಹಾಕ್ಬೇಡಿ ಅಕ್ಕ.

ಕಲ್ಲು ಹಾಕುವುದಿಲ್ಲ ಅಣ್ಣ. ಸಮುದ್ರಕ್ಕೆ ಹೋಗ್ತದೆ, ಅದು ಹೌದು. ಆದ್ರೆ ಪಾದರಸದ ಹಾಗೆ ಸಣ್ಣ ಮೀನಿಂದ ದೊಡ್ಡ ಮೀನಿಗೆ ಏರ್ತಾ ಏರ್ತಾ ಹೋಗುವುದಿಲ್ಲ, ಮೀನು ಕೂಡ ಅದನ್ನು ಒಡೆದು ಹೊರಗೆ ಹಾಕ್ತದೆ. ಡಿಒಪಿ ನೀರಲ್ಲಿ ಕರಗುವುದು ಕಡಿಮೆ, ಕೆಸರಿಗೆ ಅಂಟಿ ತಳಕ್ಕೆ ಹೋಗಿ ಕೂರ್ತದೆ. ಗಾಳಿ ತಾಗುವ ಮೇಲ್ಮಣ್ಣಲ್ಲಿ ಬ್ಯಾಕ್ಟೀರಿಯಾಗಳು ಇದನ್ನು ಸುಮಾರು ಬೇಗ ತಿಂದು ಮುಗಿಸ್ತವೆ, ಗಾಳಿ ಇಲ್ಲದ ಕೆಸರಲ್ಲಿ, ಕಸದ ಗುಡ್ಡದ ಹೊಟ್ಟೆಯಲ್ಲಿ ತುಂಬಾ ಕಾಲ ಹಾಗೇ ಇರ್ತದೆ. 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸ ಜಾರಿ ಮಂದಾರದ ಮನೆ, ಅಡಿಕೆ ತೋಟದ ಮೇಲೆ ಬಂತಲ್ಲ, ಅಂಥ ಗುಡ್ಡದಲ್ಲಿ ಇಡೀ ಊರಿನ ರೆಕ್ಸಿನ್, ಚಪ್ಪಲಿ, ವಯರು ಎಲ್ಲ ಇರ್ತದೆ, ಕೆಳಗೆ ಇಳಿಯುವ ಕಪ್ಪು ನೀರು ಇದನ್ನೂ ತರ್ತದೆ. ನಿಮ್ಮ ಬಂಗುಡೆಯನ್ನು ಯಾಕೆ ಬೈಯ್ಯಲಿ?

ಒಬ್ಬರು ಅಜ್ಜಿ: ಹಲಸಿನ ಹಪ್ಪಳ ಒತ್ತುವಾಗ ಪ್ಲಾಸ್ಟಿಕ್ಕಿಗೆ ಎಣ್ಣೆ ಪಸೆ ಮಾಡಿ ಒತ್ತುವುದು, ಅದು?

ಹಾಲಿನ ಪ್ಯಾಕೆಟ್ ಕತ್ತರಿಸಿದ್ದಾದ್ರೆ ತೊಂದರೆ ಇಲ್ಲ ಅಜ್ಜಿ, ಆಗ ತೋರಿಸಿದೆನಲ್ಲ, ಹಸಿರು ಬರ್ಲಿಲ್ಲ. ಟೇಬಲಿನ ಮೆತ್ತನೆ ಶೀಟ್ ಕತ್ತರಿಸಿದ್ದು ಬೇಡ, ಎಣ್ಣೆ ಹಾಕಿ ಬಿಸಿಲಿಗೆ ಇಟ್ರೆ ಅದಕ್ಕೆ ನಾವೇ ಕರೆದು ಹೊರಗೆ ಬಾ ಅಂದ ಹಾಗೆ. ಬಾಳೆ ಎಲೆ ಬಾಡಿಸಿದ್ದು ಎಲ್ಲಕ್ಕಿಂತ ಒಳ್ಳೇದು. ("ಹರೀತದೆ ಮಗಾ" ಅಂದ್ರು ಅಜ್ಜಿ. ಅದೂ ಹೌದು.)

ಕೊನೆಗೆ ಕಾರ್ಕಳ ಕಡೆಯ ಒಬ್ಬರು ಕೃಷಿಕರು: ಅಡಿಕೆಗೆ ಮದ್ದು ಬಿಡುವ ಪೈಪ್ ಮೂರ್ನಾಲ್ಕು ವರ್ಷಕ್ಕೆ ಗಟ್ಟಿಯಾಗಿ ಒಡೀತದೆ, ಅದು ಇದೇನಾ?

ಇದೇ. ಹೊಸತರಲ್ಲಿ ಹಾವಿನ ಹಾಗೆ ಸುತ್ತುವ ಪೈಪ್ ಆಮೇಲೆ ಬೆತ್ತದ ಹಾಗೆ ಆಗುವುದು, ಒಳಗಿನ ಎಣ್ಣೆ ಬಿಸಿಲಿಗೆ, ಮಳೆಗೆ, ಮಣ್ಣಿಗೆ ಸ್ವಲ್ಪಸ್ವಲ್ಪ ಹೋಗಿ ಆದದ್ದು, ಬಿಸಿಲು ಪಿವಿಸಿಯನ್ನೂ ಸ್ವಲ್ಪ ಹಾಳು ಮಾಡಿರ್ತದೆ. ನೂರು ಮೀಟರಿನ ಸುರುಳಿ ಹೊಸತು ಇದ್ದಾಗ ಒಮ್ಮೆ ತೂಗಿ ಬರೆದಿಡಿ, ಗಟ್ಟಿ ಆದ ಮೇಲೆ ತೊಳೆದು ಒಣಗಿಸಿ ಪುನಃ ತೂಗಿ, ಕಡಿಮೆಯಾದದ್ದು ನಿಮ್ಮ ತೋಟದಲ್ಲಿ ಉಂಟು. ನೆರಳಲ್ಲಿ ಸುತ್ತಿಟ್ರೆ ಬಾಳಿಕೆಯೂ ಜಾಸ್ತಿ, ಹೋಗುವುದೂ ನಿಧಾನ.

"ಹಳೇದನ್ನು ಎಂತ ಮಾಡುವುದು? ನಾವು ಬಚ್ಚಲ ಒಲೆಗೆ ಹಾಕ್ತೇವೆ."

ಅದೊಂದು ಮಾಡ್ಬೇಡಿ! ಪಿವಿಸಿ ಸುಟ್ರೆ ಹೈಡ್ರೋಕ್ಲೋರಿಕ್ ಆಸಿಡಿನ ಹೊಗೆ, ಅರೆಬರೆ ಉರಿದ್ರೆ ಡಯಾಕ್ಸಿನ್ ಅನ್ನುವ ಕಡು ವಿಷ, ಅದರ ಎದುರು ಥ್ಯಾಲೇಟ್ ಸಾಧು ಪ್ರಾಣಿ. ಗುಜರಿಯವರಿಗೆ ಕೊಡಿ ಅಂದೆ. "ಗುಜರಿಯವ ಗಟ್ಟಿ ಪೈಪ್ ತಗೊಳ್ತಾನೆ, ಇದನ್ನು ಮುಟ್ಟುವುದೂ ಇಲ್ಲ ಅಕ್ಕ" ಅಂದ್ರು ಅವರು. ಗೊತ್ತುಂಟು. ನಮ್ಮ ಕೊಟ್ಟಿಗೆಯ ಹಿಂದೆಯೂ ಎರಡು ಸುರುಳಿ ಬಿದ್ದಿವೆ, ಈ ಮಳೆಗೆ ಅದರೊಳಗೆ ಕಪ್ಪೆ ಸೇರಿದೆ.